ಖಾಲಿ ಡಬ್ಬಿ, ಒಂದು

ನಾಲಿಗೆ ಇಡು, ಅಂದರು ಇನಾಸ್ ಮೇಸ್ತ್ರಿ.
ಕೋಡಿಬಾಗದ ಗ್ಯಾರೇಜು, ಬಾನೆಟ್ ತೆರೆದ ಕ್ರೆಸಿಡಾ,
ನನ್ನ ಬಾಯಲ್ಲಿ ಕಿರುಬೆರಳ ದಪ್ಪದ ಕರಿ ರಬ್ಬರ್ ನಳಿ.
ಎಳಿ. ಬೆಳಚಿನ ಚಿಪ್ಪಿಂದ ಸಾರು ಎಳೆದ ಹಾಗೆ ಎಳಿ,
ಎಳೆದು ನಾಲಿಗೆಯಿಂದ ಮುಚ್ಚು.
ಹಿಡೀತದಾ?

ಹಿಡಿಯಲಿಲ್ಲ. ಎಲ್ಲೋ ಉಸಿರು ಸೋರುತ್ತಿತ್ತು.
ಬಾಯಿ ತುಂಬ ಪೆಟ್ರೋಲು, ಉಪ್ಪು,
ಇಪ್ಪತ್ತು ವರ್ಷದ ಮಸ್ಕತ್ತಿನ ಧೂಳು.

ಗಾಡಿ ಭಟ್ಕಳದ ಜುಕಾಕು ಸಾಹೇಬರದು.
ಸ್ಟೇರಿಂಗು ಎಡಕ್ಕೆ, ಸವೆದ ಮಂಡಿ ಬಲಕ್ಕೆ.
"ಅಲ್ಲಿ ಗುಂಡಿ ಒತ್ತಿ ಕಾಲು ಎತ್ತಿದರೂ
ಅರವತ್ತರಲ್ಲೇ ಓಡುತ್ತಿತ್ತು. ಇಲ್ಲಿಗೆ ಬಂದು ಮರೆತಿದೆ."
ಚಾವಿ ಕೊಟ್ಟು ಹಳೇ ಟಯರಿನ ಮೇಲೆ ಕೂತಿದ್ದರು.

ಮೋಟಾರಿಲ್ಲ ಇದಕ್ಕೆ, ಅಂದರು ಮೇಸ್ತ್ರಿ,
ಎಳೆಯೋದು ಏನೂ ಇಲ್ಲದ್ದು.
ಇಂಜಿನ್ನಿಗೆ ಯಾವಾಗಲೂ ಗಾಳಿಯ ಹಸಿವು.
ಬಾಗಿಲು ಅರೆ ಮುಚ್ಚಿದರೆ ಒಳಗಿಂದ ಜಗ್ಗುತ್ತದೆ,
ಬಾಗಿಲ ಹಿಂದೆ ಬರಿದು ಹುಟ್ಟುತ್ತದೆ.
ಆ ಬರಿದಿಗೊಂದು ನಳಿ, ನಳಿಯ ತುದಿಗೊಂದು ಗುಮಟೆ,
ಉಡದ ಚರ್ಮವಲ್ಲ, ರಬ್ಬರಿನದು.
ಚರ್ಮ ಒಳಕ್ಕೆ ಹೋದರೆ ಮಣಿಸರ ಬಿಗಿಯುತ್ತದೆ,
ಮಣಿಸರ ಬಿಗಿದರೆ ಗಾಳಿಯ ಬಾಗಿಲು ತೆರೆಯುತ್ತದೆ.

ಮಣಿಸರ ನಿಜವಾದದ್ದೇ. ಉಕ್ಕಿನ ಪುಟ್ಟ ಮಣಿಗಳು.
ಮೇಸ್ತ್ರಿ ಒಂದೊಂದಾಗಿ ಬೆರಳಲ್ಲಿ ಸರಿಸಿದರು.
ಅವರ ತುಟಿ ಅಲ್ಲಾಡಿದ್ದನ್ನು
ನೋಡದವನ ಹಾಗೆ ನೋಡಿದೆ.

ಡ್ಯಾಶಿನ ಕೆಳಗೊಂದು ಪೆಟ್ಟಿಗೆ.
ಮೀಟರಿನ ತಂತಿ ಎಷ್ಟು ಸುತ್ತಿತೆಂದು
ಬಡ್ಡಿ ಲೆಕ್ಕದವನಂತೆ ಕಾದು ಕೂತಿರುತ್ತದೆ.
ವೇಗ ಇಳಿದರೆ ಟಿಕ್, ಬರಿದಿಗೆ ದಾರಿ.
ಏರಿದರೆ ಟಿಕ್, ಹೊರಗಿನ ಗಾಳಿ ಒಂದು ಗುಟುಕು.
ಬ್ರೇಕಿಗೆ ಕಾಲು ತಾಗಿತೋ
ಪೆಡಲಿನ ಹಿಂದಿನ ಬೂಚು ಬಿಚ್ಚಿ
ಗಾಳಿಯೆಲ್ಲ ಒಮ್ಮೆಲೇ ನುಗ್ಗಿ
ಚರ್ಮ ಸಡಿಲ.

ಬಿರುಕು ಸಿಕ್ಕಿದಾಗ ಮಧ್ಯಾಹ್ನ ದಾಟಿತ್ತು.
ನಳಿ ಮಡಚುವಲ್ಲಿ, ಕೂದಲಷ್ಟು.
ಕಬ್ಬಿಣವನ್ನೇ ಬಿಡದ ಕಡಲ ಗಾಳಿಗೆ
ರಬ್ಬರಿನ ಮೇಲೇಕೆ ದಯೆ?
ಹೊಸ ನಳಿ ಹಾಕಿ ಮತ್ತೆ ನಾಲಿಗೆ ಇಟ್ಟೆ.
ಚಿವುಟಿದ ಹಾಗೆ ಹಿಡಿಯಿತು.
ಹಿಡೀತು ಅನ್ನಲೂ ಆಗದೆ ತಲೆಯಾಡಿಸಿದೆ.

ಸಂಜೆ ಮೂವರೂ ಹೊರಟೆವು ಅಂಕೋಲೆಯ ಕಡೆ.
ಕಡಲ ಪಕ್ಕದ ನೇರ ರಸ್ತೆಯಲ್ಲಿ ಸಾಹೇಬರು ಗುಂಡಿ ಒತ್ತಿದರು.
ಅರವತ್ತು. ಅರವತ್ತು. ಮುಳ್ಳಿಗೆ ಮೊಳೆ ಹೊಡೆದಂತೆ.
ಪೆಡಲು ತಾನಾಗಿ ತುಸು ಇಳಿಯಿತು,
ಕಾಣದ ಇನ್ನೊಬ್ಬರು ತುಳಿದ ಹಾಗೆ.
ಎತ್ತಿದ ಕಾಲನ್ನು ಎಲ್ಲಿಡಬೇಕೆಂದು ಅವರಿಗೆ ತಿಳಿಯಲಿಲ್ಲ.
ಎತ್ತರದ ಬೆಂಚಿನ ಮೇಲೆ ಕೂತ ಹುಡುಗನದರಂತೆ
ಅದು ಸುಮ್ಮನೆ ತೂಗಿತು.

ಬಿಣಗಾ ಘಟ್ಟ ಬಂತು.
ಐವತ್ತೈದು. ನಲವತ್ತೆಂಟು.
ಸಾಹೇಬರ ಮುಖ ಮೇಸ್ತ್ರಿಯ ಕಡೆ.
"ಏರಿನಲ್ಲಿ ಇಂಜಿನ್ನು ಬಾಯಿ ಪೂರಾ ತೆರೆದಿರ್ತದೆ ಸಾಹೇಬರೆ,
ಬರಿದೇ ಉಳಿಯೋದಿಲ್ಲ.
ಬೇಕಾದಾಗಲೇ ಇರೋದಿಲ್ಲ ಅದು.
ನಾಳೆ ತನ್ನಿ. ಸ್ವಲ್ಪ ಉಳಿತಾಯ ಮಾಡಿಡುವಾ."

ಮರುದಿನ ಅವರ ಮನೆಯದೇ ಹಾಲುಪುಡಿ ಡಬ್ಬಿ,
ಪಕ್ಕೆಲುಬಿನಂತೆ ಸುತ್ತ ಗೆರೆಯಿದ್ದದ್ದು.
ಬಾಯಿಗೆ ಬೆಸುಗೆ, ಒಂದೇ ದಿಕ್ಕಿಗೆ ಬಿಡುವ ಕವಾಟ.
ಇಳಿಜಾರಿನಲ್ಲಿ ಸಿಕ್ಕ ಬರಿದನ್ನು
ಏರಿಗೆಂದು ಇಟ್ಟುಕೊಳ್ಳುವುದು ಅದರ ಕೆಲಸ.
ನನ್ನದು, ಬೆಸೆಯುವ ಮುಂಚೆ ಒಳಗೆ ಒರೆಸುವುದು.
ಪುಡಿ ಹೋಯಿತು. ವಾಸನೆ ಹೋಗಲಿಲ್ಲ.

ಘಟ್ಟದಲ್ಲಿ ಈ ಸಲ ಐವತ್ತೆಂಟರ ಕೆಳಗಿಳಿಯಲಿಲ್ಲ.
ತುದಿಯಲ್ಲಿ ಮೀನುಬುಟ್ಟಿ ಹೊತ್ತವಳೊಬ್ಬಳು ಅಡ್ಡ ಬಂದಳು.
ತೂಗುತ್ತಿದ್ದ ಕಾಲು ಮಂಡಿಯನ್ನು ಕೇಳದೆ ಇಳಿಯಿತು.
ಸ್ಸ್ಸ್...
ಗಾಡಿಯದೋ, ಸಾಹೇಬರದೋ.
ಅವಳು ಬೈದುಕೊಂಡೇ ದಾಟಿದಳು.

ಬಿಲ್ಲು ನನ್ನ ಕೈಯಲ್ಲಿ ಬರೆಸಿದರು.
ನಳಿ, ಎರಡಡಿ.
ಬೆಸುಗೆ.
ಖಾಲಿ ಡಬ್ಬಿ, ಒಂದು.
ಒಳಗಿರೋದಕ್ಕೆ ಎಷ್ಟು ಹಾಕಲಿ, ಕೇಳಿದೆ.
ಮೇಸ್ತ್ರಿ ಬೀಡಿ ಹಚ್ಚಿ, ಒಂದು ದಮ್ಮು ಎಳೆದು,
ಎದೆಯಲ್ಲೇ ಹಿಡಿದಿಟ್ಟು
ಬಹಳ ಹೊತ್ತು ಬಿಡಲಿಲ್ಲ.